ಭಾವನ ಮುಂಬಯಿ, ನಿಮ್ಮ ಡೊಂಬಿವಲಿ

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ 19 ವರ್ಷದಿಂದ ಇದ್ದೇವೆ. ನಮ್ಮವರು ಫೋರ್ಟ್‌ನ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಮಗಳಿಗೆ ಈಚೆಗೆ ನವಿಮುಂಬಯಿಯ ಐರೋಲಿಯಲ್ಲಿ ಕೆಲಸ ಸಿಕ್ಕಿದೆ. ಅಕ್ಕನ ಮನೆ ಮಾಟುಂಗದಲ್ಲಿ. ಚೌತಿಗೆ ಎಲ್ಲರೂ ಸೇರಿದರೆ ಭಾವನದ್ದು ಒಂದೇ ಮಾತು: “ಮುಂಬಯಿ ಇಲ್ಲದಿದ್ದರೆ ನಿಮ್ಮ ಡೊಂಬಿವಲಿ ಏನು? ನಮ್ಮ ಟ್ಯಾಕ್ಸ್ ದುಡ್ಡಲ್ಲಿ ನಿಮ್ಮ ಬದುಕು.” ನಮ್ಮವರು ಸುಮ್ಮನಿರುವುದಿಲ್ಲ: “ನಾವು ಒಂದು ದಿನ ಗಾಡಿ ಹತ್ತದಿದ್ದರೆ ನಿಮ್ಮ ಮುಂಬಯಿ ಬಾಗಿಲು ತೆಗೆಯಲ್ಲ.” ಈ ವರ್ಷ ಜಗಳ ಸ್ವಲ್ಪ ಜೋರಾಯಿತು. ಇಬ್ಬರಲ್ಲಿ ಯಾರು ಸರಿ? ಥಾಣೆ, ಡೊಂಬಿವಲಿ, ವಸಯಿ ಎಲ್ಲವನ್ನೂ ಮುಂಬಯಿಗೇ ಸೇರಿಸಿದರೆ ಈ ತಾಪತ್ರಯ ಮುಗಿಯುವುದಿಲ್ಲವೇ? ಮನೆ ಮಾರಿ ಮುಲುಂಡಿಗೆ ಹೋಗೋಣ ಎಂದು ನಮ್ಮವರು ಹಟ ಹಿಡಿದಿದ್ದಾರೆ. ಹೋಗಬಹುದಾ?
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಅಮ್ಮ, ಮೊದಲು ನನ್ನ ಪಕ್ಷ ಯಾವುದು ಅಂತ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ವಡಾಲದ ಚಾಳಿನಲ್ಲಿ. ಮೂವತ್ತು ವರ್ಷ ನಗರ ಯೋಜನೆಯ ಕೆಲಸ ಮಾಡಿದೆ. ಈಗ ಇರುವುದು ಥಾಣೆಯಲ್ಲಿ. ಹಾಗಾಗಿ ನಿಮ್ಮ ಭಾವನ ಮಾತೂ ನನ್ನ ಮನೆಯಲ್ಲಿ ಕೇಳಿದ್ದೇ, ನಿಮ್ಮವರ ಮಾತೂ ಕೇಳಿದ್ದೇ. ಇಬ್ಬರೂ ಅರ್ಧ ಸರಿ. ಆದರೆ ಇಬ್ಬರೂ ತಪ್ಪು ಜಾಗದಲ್ಲಿ ಜಗಳ ಆಡುತ್ತಿದ್ದಾರೆ. ಇದು ಮುಂಬಯಿಗೂ ಡೊಂಬಿವಲಿಗೂ ನಡುವಿನ ಜಗಳವೇ ಅಲ್ಲ. ದುಡಿಯುವ ಊರು ಒಂದು, ಮಲಗುವ ಊರು ಇನ್ನೊಂದು, ಎರಡರ ಖಾತೆಪುಸ್ತಕ ಬೇರೆ ಬೇರೆ. ನಿಮ್ಮವರು ಅಕೌಂಟೆಂಟ್ ಅಲ್ವಾ, ಅವರಿಗೆ ಇದು ಬೇಗ ಹಿಡಿಸುತ್ತದೆ.

ಭಾವನಿಗೆ ಮೊದಲು ಸ್ವಲ್ಪ ಇತಿಹಾಸ ಹೇಳಿ. ಮುಂಬಯಿ ಏಳು ದ್ವೀಪಗಳ ಮೀನುಗಾರರ ಊರಾಗಿದ್ದ ಕಾಲದಲ್ಲೇ ಥಾಣೆ ಶಿಲಾಹಾರ ರಾಜರ ರಾಜಧಾನಿಯಾಗಿತ್ತು. ಕಲ್ಯಾಣ್ ಶಾತವಾಹನರ ಕಾಲದ ಬಂದರು. ಇವತ್ತು ಎಲ್ಲರೂ ಮೂಗು ಮುರಿಯುವ ನಾಲಾಸೋಪಾರ ಇದೆಯಲ್ಲ, ಅಲ್ಲಿ ಅಶೋಕನ ಶಾಸನ ಸಿಕ್ಕಿದೆ. ಅಂದರೆ ವಯಸ್ಸಿನಲ್ಲಿ ಹೊರಗಿನವರೇ ಹಿರಿಯರು. 1845ರಲ್ಲಿ ಮಾಹಿಮ್ ಕಾಸ್‌ವೇ ಬಂತು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರಿನಿಂದ ಹೊರಟಿತು. ಎಲ್ಲಿಗೆ? ಥಾಣೆಗೆ. 34 ಕಿಲೋಮೀಟರ್. ಆ ಹಳಿ ಬಿದ್ದ ದಿನದಿಂದ ಇವೆರಡು ಊರು ಒಂದನ್ನೊಂದು ಬಿಟ್ಟಿಲ್ಲ.

ಇನ್ನು ಮಾಟುಂಗ. 1896ರ ಪ್ಲೇಗ್‌ಗೆ ಹೆದರಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ಊರಿನ ನೂಕುನುಗ್ಗಲಿನಿಂದ ಜನರನ್ನು ಹೊರಗೆ ತರಲು ಆ ಟ್ರಸ್ಟ್ ಹಾಕಿದ ಬಡಾವಣೆಗಳೇ ದಾದರ್, ಮಾಟುಂಗ. ಆ ಕಾಲದ ಗಿರ್ಗಾಂವ್‌ನವರಿಗೆ ಮಾಟುಂಗ ಎಂದರೆ ಇವತ್ತಿನ ಮಾಟುಂಗದವರಿಗೆ ಡೊಂಬಿವಲಿ ಇದ್ದ ಹಾಗೆ. ಆಮೇಲೆ ಗಡಿ ಸರಿಯುತ್ತಲೇ ಹೋಯಿತು. 1950ರಲ್ಲಿ ಜೋಗೇಶ್ವರಿ, ಭಾಂಡುಪ್‌ವರೆಗೆ. 1957ರಲ್ಲಿ ದಹಿಸರ್, ಮುಲುಂಡ್‌ವರೆಗೆ. ಅಲ್ಲಿಗೆ ನಿಂತಿತು. ನಿಂತದ್ದು ಬರೀ ಗಡಿ. ಜನ ನಿಲ್ಲಲಿಲ್ಲ.

ಜನ ಯಾಕೆ ನಿಲ್ಲಲಿಲ್ಲ? ದ್ವೀಪದೊಳಗೆ, ಅಂದರೆ ಹಳೇ ಮುಂಬಯಿಯಲ್ಲಿ, ಬಾಡಿಗೆ ಮನೆ ಸಿಗುವುದೇ ನಿಂತುಹೋಯಿತು. 1947ರ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಲೆಕ್ಕಕ್ಕೇ ಕಟ್ಟಿಹಾಕಿತು. ಒಳಗಿದ್ದವರು ಬದುಕಿದರು. ಆದರೆ ಬಾಡಿಗೆಗೆ ಕೊಡಲು ಹೊಸ ಮನೆ ಕಟ್ಟುವವರು ಯಾರೂ ಉಳಿಯಲಿಲ್ಲ. 1982ರಲ್ಲಿ ಗಿರಣಿ ಮುಷ್ಕರವಾಗಿ ಪರೇಲ್, ಲಾಲ್‌ಬಾಗ್‌ನ ಸಂಸಾರಗಳು ಒಡೆದವು. ಕೆಲವರು ಊರಿಗೆ ಹೋದರು, ಕೆಲವರು ಕಲ್ಯಾಣ್ ಕಡೆ. ನಮ್ಮ ಹೋಟೆಲ್ ಕೆಲಸದವರದ್ದೂ ಅದೇ ದಾರಿ. ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ಅಟ್ಟದಲ್ಲಿ ಮಲಗಿ, ಮದುವೆಯಾದ ಮೇಲೆ ಮೊದಲು ನೋಡಿದ ಸ್ವಂತ ಮನೆ ಡೊಂಬಿವಲಿಯದ್ದೋ ಭಾಯಂದರ್‌ನದ್ದೋ ಆಗಿರುತ್ತಿತ್ತು. ಸುಮ್ನೆ ಕುತೂಹಲಕ್ಕೆ, ನಿಮ್ಮ ಭಾವನ ಮನೆ ಪಗಡಿಯದ್ದಾ, ಅಂದರೆ ಮೊದಲೇ ಒಂದು ಗಂಟು ಕೊಟ್ಟು ಆಮೇಲೆ ಹೆಸರಿಗಷ್ಟೇ ಬಾಡಿಗೆ ಕಟ್ಟುವ ಹಳೇ ಪದ್ಧತಿಯದ್ದಾ ಎಂದು ಒಮ್ಮೆ ಕೇಳಿ ನೋಡಿ. ಪಗಡಿಯದ್ದಾದರೆ ತಿಂಗಳ ಬಾಡಿಗೆ ಎಷ್ಟು ಅಂತಲೂ ಕೇಳಿ. ಉತ್ತರ ಬರುವ ಮೊದಲು ಅವರು ಪಾಯಸಕ್ಕೆ ಕೈ ಹಾಕುತ್ತಾರೆ.

2011ರ ಜನಗಣತಿ ನೋಡಿ. ಮುಂಬಯಿ ದ್ವೀಪ ಜಿಲ್ಲೆಯ ಜನ ಹತ್ತು ವರ್ಷದಲ್ಲಿ ಸುಮಾರು 33 ಲಕ್ಷದಿಂದ 31 ಲಕ್ಷಕ್ಕೆ ಇಳಿದಿದ್ದರು. ಅದೇ ಹೊತ್ತಿಗೆ ಥಾಣೆ ಜಿಲ್ಲೆ 1 ಕೋಟಿ 10 ಲಕ್ಷ ಮುಟ್ಟಿ ದೇಶದಲ್ಲೇ ಅತಿ ಹೆಚ್ಚು ಜನ ಇರುವ ಜಿಲ್ಲೆಯಾಗಿತ್ತು. 2014ರಲ್ಲಿ ಅದನ್ನು ಒಡೆದು ಪಾಲ್ಘರ್ ಮಾಡಿದ್ದು ಆ ಮೇಲೆ.

ಈಗ ದುಡ್ಡಿನ ವಿಷಯ. “ನಮ್ಮ ಟ್ಯಾಕ್ಸ್ ದುಡ್ಡಲ್ಲಿ ನಿಮ್ಮ ಬದುಕು” ಎಂಬ ಮಾತು ಎಷ್ಟು ನಿಜ?

ಪಾಲಿಕೆ ನಮ್ಮ ಸಂಬಳದ ಮೇಲೆ ಟ್ಯಾಕ್ಸ್ ಹಾಕುವುದಿಲ್ಲ. ಆಸ್ತಿ ತೆರಿಗೆ ಹಾಕುತ್ತದೆ, ಕಟ್ಟಡ ಕಟ್ಟಲು ಅನುಮತಿ ಕೊಟ್ಟು ಶುಲ್ಕ ತೆಗೆದುಕೊಳ್ಳುತ್ತದೆ. 2017ರವರೆಗೆ ನಾಕಾದಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಎತ್ತುತ್ತಿತ್ತು. ಜಿಎಸ್‌ಟಿ ಬಂದ ಮೇಲೆ ಅದರ ಬದಲಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಇವೆಲ್ಲ ಎಲ್ಲಿ ಜಾಸ್ತಿ ಸಿಗುತ್ತವೆ? ಆಫೀಸು, ಬ್ಯಾಂಕು, ಮಾಲ್, ದೊಡ್ಡ ಹೋಟೆಲ್ ಇರುವಲ್ಲಿ. ನಿಮ್ಮವರು ಕೂರುವ ಕುರ್ಚಿ ಇರುವ ಕಟ್ಟಡ ಆಸ್ತಿ ತೆರಿಗೆ ಕಟ್ಟುವುದು ಮುಂಬಯಿ ಪಾಲಿಕೆಗೆ. ಆ ಕಟ್ಟಡಕ್ಕೆ ಅಷ್ಟು ಬೆಲೆ ಬಂದದ್ದು ದಿನಾ ಲಕ್ಷಾಂತರ ಜನ ದೂರದಿಂದ ಬಂದು ಅಲ್ಲಿ ಕೂತು ದುಡಿಯುವುದರಿಂದ. ಸಂಜೆ ಅವರು ಮನೆಗೆ ಹೋಗುತ್ತಾರೆ. ಆಮೇಲೆ ಅವರ ಚರಂಡಿ, ಬೀದಿ ದೀಪ, ಮಕ್ಕಳ ಶಾಲೆ, ಕಸ ಎಲ್ಲ ಕಲ್ಯಾಣ್-ಡೊಂಬಿವಲಿ ಪಾಲಿಕೆಯ ಹೊರೆ. ಆ ಪಾಲಿಕೆಗೆ ಸಿಗುವುದು ನಿಮ್ಮ ಫ್ಲಾಟಿನ ತೆರಿಗೆ.

ಅಂಕಿ ಬೇಕಾದರೆ ತೆಗೆದುಕೊಳ್ಳಿ. 2025-26ರ ಮುಂಬಯಿ ಪಾಲಿಕೆಯ ಬಜೆಟ್ 74,427 ಕೋಟಿ ರೂಪಾಯಿ. ಥಾಣೆಯದ್ದು ಆರು ಸಾವಿರ ಕೋಟಿಯೂ ಮುಟ್ಟಿಲ್ಲ. ಮುಂಬಯಿ ದೊಡ್ಡ ಊರು, ಬಜೆಟ್ಟೂ ದೊಡ್ಡದಿರುತ್ತದೆ, ನಿಜ. ತಲೆಗೆ ಹಂಚಿ ನೋಡೋಣ. 2011ರ ಜನಸಂಖ್ಯೆ ಹಿಡಿದರೆ ಮುಂಬಯಿಯಲ್ಲಿ ತಲೆಗೆ ಸುಮಾರು 60 ಸಾವಿರ ಬೀಳುತ್ತದೆ. ಥಾಣೆಯಲ್ಲಿ ಅದರ ಅರ್ಧ. ಇದು ಪಕ್ಕಾ ಲೆಕ್ಕವಲ್ಲ, ಜನ ಈಗ ಎರಡೂ ಕಡೆ ಹೆಚ್ಚಿದ್ದಾರೆ, ಥಾಣೆಯಲ್ಲಿ ಇನ್ನೂ ಹೆಚ್ಚು. ಆದರೂ ಗೊತ್ತಾಗುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇನ್ನೊಂದು ಮಾತು. 2022ರ ಜನವರಿಯಿಂದ ಮುಂಬಯಿಯಲ್ಲಿ 500 ಚದರ ಅಡಿಯೊಳಗಿನ ಮನೆಗೆ ಆಸ್ತಿ ತೆರಿಗೆಯೇ ಇಲ್ಲ. ಭಾವನ ಮನೆ ಅಷ್ಟರೊಳಗೆ ಬಂದರೆ, “ನಮ್ಮ ಟ್ಯಾಕ್ಸ್” ಎಂದು ಅವರು ಯಾವ ಟ್ಯಾಕ್ಸ್ ಬಗ್ಗೆ ಹೇಳುತ್ತಿದ್ದಾರೆ ಅಂತ ನಯವಾಗಿ ಕೇಳಬಹುದು.

ಆದರೆ ಭಾವನ ಕಡೆಗೂ ಒಂದು ಗಟ್ಟಿ ಮಾತಿದೆ, ಅದನ್ನು ನುಂಗಬಾರದು. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳು. ಮೂರೂ ಮುಂಬಯಿ ಪಾಲಿಕೆಯ ದುಡ್ಡಿನಲ್ಲಿ ನಡೆಯುವವು. ಸಾಯನ್ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಒಂದು ಬೆಳಿಗ್ಗೆ ನಿಂತು ಎಲ್ಲಿಂದ ಬಂದಿರಿ ಎಂದು ಕೇಳಿದರೆ ಸಾಕು: ಕಲ್ಯಾಣ್, ಬದ್ಲಾಪುರ, ಭಿವಂಡಿ, ಮುಂಬ್ರಾ. ರೈಲಿನಿಂದ ಬಿದ್ದವರನ್ನೂ ಎಷ್ಟೋ ಸಲ ಅಲ್ಲಿಗೇ ತರುತ್ತಾರೆ. ಅಷ್ಟು ದೊಡ್ಡ ಪಾಲಿಕೆ ಆಸ್ಪತ್ರೆ ಕಲ್ಯಾಣ್-ಡೊಂಬಿವಲಿಯಲ್ಲಿ ಇಲ್ಲ. ಇದ್ದ ದುಡ್ಡನ್ನೂ ನಮ್ಮ ಪಾಲಿಕೆಗಳು ಸರಿಯಾಗಿ ಖರ್ಚು ಮಾಡಿಲ್ಲ ಎಂಬುದನ್ನು ಒಪ್ಪಿಕೊಂಡೇ ಜಗಳಕ್ಕೆ ಹೋಗಬೇಕು.

ಈಗ ನೀರಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಜಗಳದ ಬೇರು ಇರುವುದು ಇಲ್ಲಿ.

ಮುಂಬಯಿ ಕುಡಿಯುವುದು ಏಳು ಕೆರೆಗಳ ನೀರು. ವಿಹಾರ್ ಮತ್ತು ತುಳಸಿ ಮಾತ್ರ ಊರೊಳಗಿವೆ, ಅವು ಚಿಕ್ಕವು. ಉಳಿದವು ತಾನ್ಸಾ, ಭಾತ್ಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಮೇಲಿನ ವೈತರಣಾ. ಎಲ್ಲ ಹೊರಗೆ, ನೂರು ಕಿಲೋಮೀಟರ್ ಆಸುಪಾಸಿನಲ್ಲಿ. ತಾನ್ಸಾ 1892ರದ್ದು. ದಿನಕ್ಕೆ ಸುಮಾರು 390 ಕೋಟಿ ಲೀಟರ್ ನೀರು ಬರುತ್ತದೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾತ್ಸಾದ್ದು. ತಾನ್ಸಾ, ಭಾತ್ಸಾ ಎರಡೂ ಇರುವುದು ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ.

ಒಂದು ಮೇ ತಿಂಗಳಲ್ಲಿ ಸರ್ವೆಗೆಂದು ಆ ಕಡೆ ಹೋಗಿದ್ದೆ. ಎರಡಾಳೆತ್ತರದ ನೀರಿನ ಪೈಪು ಗುಡ್ಡದ ಬದಿಯಲ್ಲಿ ಹೆಬ್ಬಾವಿನ ಹಾಗೆ ಮಲಗಿತ್ತು. ಕಿವಿ ಇಟ್ಟರೆ ಒಳಗೆ ನೀರು ಓಡುವ ಸದ್ದು. ಒಂದು ಜೋಡಣೆಯ ಹತ್ತಿರ ಸಣ್ಣಗೆ ಸೋರುತ್ತಿತ್ತು. ಅದರ ಕೆಳಗೆ ಅಲ್ಯೂಮಿನಿಯಂ ಹಂಡೆ ಇಟ್ಟು ಮೂವರು ಹೆಂಗಸರು ಕಾಯುತ್ತಿದ್ದರು. ಹಂಡೆ ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಒಬ್ಬಾಕೆ ಮರಾಠಿಯಲ್ಲಿ ಹೇಳಿದಳು, “ಟ್ಯಾಂಕರ್ ಬರುವ ಹೊತ್ತಿಗೆ ತುಂಬುತ್ತದೆ.” ನಗುತ್ತಲೇ ಹೇಳಿದಳು. ಶಹಾಪುರದ ಎಷ್ಟೋ ಪಾಡಾಗಳಿಗೆ, ಅಂದರೆ ಆದಿವಾಸಿಗಳ ಹಾಡಿಗಳಿಗೆ, ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಈಗ ಆ ತಾಲೂಕಿಗೆ ಕುಡಿಯುವ ನೀರು ತರಲು ನಾಸಿಕ್ ಜಿಲ್ಲೆಯ ಇಗತ್‌ಪುರಿ ಕಡೆಯ ಭಾವಲಿ ಅಣೆಕಟ್ಟಿನಿಂದ ಯೋಜನೆ ಹಾಕಿದ್ದಾರೆ. ಕಾಲಬುಡದಲ್ಲಿ ಭಾತ್ಸಾ, ಬಾಯಿಗೆ ಭಾವಲಿ.

ಇದನ್ನು ನೋಡಿ ಮುಂಬಯಿಯನ್ನು ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಅದೇ ಭಾತ್ಸಾ ನದಿಯಿಂದ ಥಾಣೆಯೂ ನೀರು ಎತ್ತುತ್ತದೆ. ಸಾಲದ್ದಕ್ಕೆ ಮುಂಬಯಿ ಪಾಲಿಕೆಯಿಂದಲೂ ಕೊಳ್ಳುತ್ತದೆ. 2024ರ ಜೂನ್‌ನಲ್ಲಿ ಕೆರೆಗಳು ತಳ ಕಂಡಾಗ ಮುಂಬಯಿಯಲ್ಲಿ ಶೇಕಡಾ 10 ನೀರು ಕಡಿತ ಮಾಡಿದರು. ಜೊತೆಗೆ ಥಾಣೆ, ಭಿವಂಡಿಗೆ ಕೊಡುತ್ತಿದ್ದ ನೀರನ್ನೂ ಅಷ್ಟೇ ಕಡಿಮೆ ಮಾಡಿದರು. ಮುಂಬಯಿಯ ನಳ್ಳಿಯೂ ಥಾಣೆಯ ನಳ್ಳಿಯೂ ಒಂದೇ ಸಲ ಸೊರಗಿದವು. ನಮ್ಮ ಸೊಸೈಟಿಯ ವಾಚ್‌ಮನ್ ಮೋಟರ್ ಹಾಕುವ ಹೊತ್ತು ಬದಲಾಯಿಸಿದ. ಶಹಾಪುರದಲ್ಲಿ ಬದಲಾಗಲು ಏನೂ ಇರಲಿಲ್ಲ.

ಕಸದ ಕಥೆ ಇನ್ನೂ ಮಜಾ ಇದೆ. ಪ್ರತಿ ಊರೂ ಕಸವನ್ನು ತನ್ನ ಗಡಿಯ ಅಂಚಿಗೇ ತಳ್ಳುತ್ತದೆ. 1927ರಲ್ಲಿ ದೇವನಾರ್‌ನಲ್ಲಿ ಕಸ ಸುರಿಯಲು ಶುರು ಮಾಡಿದಾಗ ಅದು ಮುಂಬಯಿಯ ಹೊರಗಿತ್ತು. ಊರು ಬೆಳೆದು ಅದನ್ನೇ ನುಂಗಿತು. ಆಮೇಲೆ ಮುಲುಂಡ್ ಡಂಪಿಂಗ್. ಅದು ಇದ್ದದ್ದು ಮುಂಬಯಿಯ ಕೊನೆಯ ಮೂಲೆಯಲ್ಲಿ, ಗಾಳಿ ಬೀಸಿದರೆ ವಾಸನೆ ಥಾಣೆಯ ಕೋಪರಿಗೆ. 2018ರಲ್ಲಿ ಅದನ್ನು ಮುಚ್ಚಿದರು. ಸರಿ, ವಾಸನೆ ಕುಡಿದ ಥಾಣೆ ತನ್ನ ಕಸವನ್ನು ಏನು ಮಾಡಿತು? ವರ್ಷಾನುಗಟ್ಟಲೆ ದಿವಾದಲ್ಲಿ ಸುರಿಯಿತು. ದಿವಾ ಕೂಡ ಥಾಣೆ ಪಾಲಿಕೆಯೇ, ಆದರೆ ಅಂಚಿನಲ್ಲಿದೆ, ಬಡವರದ್ದು. ದಿವಾದವರು ಗಲಾಟೆ ಮಾಡಿದ ಮೇಲೆ ಭಂಡಾರ್ಲಿ ಎಂಬ ಹಳ್ಳಿಗೆ ಒಯ್ದರು. ಅಲ್ಲಿಯವರೂ ಬೇಡ ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ಸೊಸೆಯಾಗಿ ಅನುಭವಿಸಿದ್ದನ್ನು ಅತ್ತೆಯಾದ ಮೇಲೆ ಮರೆಯುವುದರಲ್ಲಿ ನಮ್ಮ ಥಾಣೆ ಮುಂಬಯಿಗಿಂತ ಏನೂ ಕಡಿಮೆ ಇಲ್ಲ.

ಕಾರ್ಖಾನೆಗಳದ್ದೂ ಇದೇ ಹಾದಿ. ಮುಂಬಯಿಯಲ್ಲಿ ಜಾಗ ತುಟ್ಟಿಯಾಯಿತು, ಹೊಗೆ ಬೇಡವಾಯಿತು. ಕೆಮಿಕಲ್ ಕೆಲಸ ಹೊರಗೆ ಹೋಯಿತು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. 2016ರ ಮೇ, ಮತ್ತೆ 2024ರ ಮೇ, ಎರಡು ಸಲ ದೊಡ್ಡ ಸ್ಫೋಟ. ಕಿಟಕಿ ಗಾಜು ಎಷ್ಟು ದೂರದವರೆಗೆ ಒಡೆದವು ಎಂದು ಪೂರ್ವದಲ್ಲಿರುವ ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಗಾಡಿ. “ನಾವು ಹತ್ತದಿದ್ದರೆ ಮುಂಬಯಿ ಬಾಗಿಲು ತೆಗೆಯಲ್ಲ” ಎಂಬ ನಿಮ್ಮವರ ಮಾತು ಇಲ್ಲಿ ಪೂರ್ತಿ ಸರಿ. ಲೋಕಲ್ ಗಾಡಿಗಳಲ್ಲಿ ಕೋವಿಡ್‌ಗೆ ಮೊದಲು ದಿನಕ್ಕೆ 75 ಲಕ್ಷ ಪ್ರಯಾಣ. ಜುಲೈ 2005ರ ಮಳೆಗೆ ಗಾಡಿ ನಿಂತಾಗ ಊರು ಹೇಗಿತ್ತು ಎಂದು ಎಲ್ಲರಿಗೂ ನೆನಪಿದೆ. ಆದರೆ ಗಾಡಿಯೊಳಗೆ ಹತ್ತಿ ನೋಡಿ, ಮುಂಬಯಿಯವರ ಮೇಲೆ ಹೊರಗಿನವರು ಹಲ್ಲು ಕಡಿಯುವುದು ಎಲ್ಲೂ ಕಾಣುವುದಿಲ್ಲ. ಹೊರಗಿನವರು ಹೊರಗಿನವರ ಮೇಲೆಯೇ ಕಡಿಯುತ್ತಾರೆ.

ನಾನು ಮೂವತ್ತರ ವಯಸ್ಸಿನಲ್ಲಿ ಒಮ್ಮೆ ತಿಳಿಯದೆ ಅಂಧೇರಿಯಿಂದ ಸಂಜೆಯ ವಿರಾರ್ ಫಾಸ್ಟ್ ಹತ್ತಿದೆ. ಇಳಿಯಬೇಕಾದದ್ದು ಬೊರಿವಲಿ. ಹತ್ತಿದ ಕೂಡಲೇ ಒಬ್ಬ ಕೇಳಿದ, “ಕಿಧರ್ ಉತರ್ನಾ ಹೈ?” ಬೊರಿವಲಿ ಎಂದೆ. ಆತ ಪಕ್ಕದವನ ಮುಖ ನೋಡಿದ. ಇಬ್ಬರೂ ನಕ್ಕರು. ಬೊರಿವಲಿ ಬಂದಾಗ ಬಾಗಿಲಲ್ಲಿದ್ದ ಹತ್ತು ಜನ ಗೋಡೆಯ ಹಾಗೆ ನಿಂತರು. ಯಾರೂ ಬೈಯಲಿಲ್ಲ, ತಳ್ಳಲಿಲ್ಲ. ಸುಮ್ಮನೆ ಸರಿಯಲಿಲ್ಲ, ಅಷ್ಟೇ. ನಾನು ಇಳಿದದ್ದು ಭಾಯಂದರ್‌ನಲ್ಲಿ. ಇಳಿಯುವಾಗ ಆ ಮೊದಲಿನವನೇ ನನ್ನ ಬ್ಯಾಗ್ ಕೈಗೆ ಕೊಟ್ಟು ಹೇಳಿದ, “ಬೊರಿವಲಿಗೆ ಬೇರೆ ಗಾಡಿ ಇದೆ, ನಮಗೆ ಬೇರೆ ಇಲ್ಲ.” ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ ಅವನ ಲೆಕ್ಕ ತಪ್ಪು ಅಂತ ಅನ್ನಿಸಲಿಲ್ಲ.

ನಿಮ್ಮ ಸೆಂಟ್ರಲ್ ಲೈನಿನಲ್ಲೂ ಹಾಗೇ. ಡೊಂಬಿವಲಿಯವರು ಸೀಟಿಗಾಗಿ ಉಲ್ಟಾ ಕಲ್ಯಾಣ್‌ವರೆಗೆ ಹೋಗಿ ಅದೇ ಗಾಡಿಯಲ್ಲಿ ಬರುತ್ತಾರೆ ಎಂದು ಕಲ್ಯಾಣ್‌ನವರಿಗೆ ಸಿಟ್ಟು. ದಿವಾದವರಿಗೆ ಇಬ್ಬರ ಮೇಲೂ ಸಿಟ್ಟು. 2015ರ ಜನವರಿ 2ರಂದು ದಿವಾದಲ್ಲಿ ಜನ ಹಳಿಗೆ ಇಳಿದರು, ದೊಡ್ಡ ಗಲಾಟೆಯೇ ಆಯಿತು. ಫಾಸ್ಟ್ ಗಾಡಿ ಅಲ್ಲಿ ನಿಲ್ಲಲು ಶುರುವಾದದ್ದು ಅದರ ನಂತರ. ಥಾಣೆ-ದಿವಾ ನಡುವಿನ ಐದನೇ, ಆರನೇ ಹಳಿಗೆ 2008ರಲ್ಲಿ ಮಂಜೂರಾತಿ ಸಿಕ್ಕಿತ್ತು. ಮುಗಿದದ್ದು 2022ರಲ್ಲಿ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಬಾಗಿಲಲ್ಲಿ ಜೋತಿದ್ದವರು ಬಿದ್ದು ಸತ್ತರು. ಈ ಹದಿನಾಲ್ಕು ವರ್ಷದ ತಡಕ್ಕೆ ಮುಂಬಯಿಯವರೂ ಕಾರಣವಲ್ಲ, ದಿವಾದವರೂ ಕಾರಣವಲ್ಲ. ಆದರೆ ಗಾಡಿಯೊಳಗೆ ಕೈಗೆ ಸಿಗುವವನು ಪಕ್ಕದ ಸ್ಟೇಷನ್ನಿನವನು ಮಾತ್ರ.

ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲೂ ಇದು ಕಾಣುತ್ತದೆ. ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ನಾಟಕ ಇದ್ದರೆ ಎಂಟೂವರೆಗೆ ಹಿಂದಿನ ಸಾಲುಗಳಲ್ಲಿ ಕುರ್ಚಿ ಸದ್ದು ಶುರು. ಡೊಂಬಿವಲಿ, ವಿರಾರ್‌ನವರು ಎದ್ದರು ಅಂತ ಲೆಕ್ಕ. ಕಾರ್ಯಕ್ರಮ ಭಾನುವಾರ ಇಡುವವರು ಮಾಟುಂಗ, ದಾದರ್‌ನವರು. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಭಾನುವಾರ ಎಂದು ಅವರಿಗೆ ನೆನಪೇ ಇರುವುದಿಲ್ಲ. ಈಗ ನೋಡಿ, ಯಕ್ಷಗಾನಕ್ಕೆ ಜನ ತುಂಬುವುದು ಡೊಂಬಿವಲಿಯಲ್ಲಿ, ಮೀರಾರೋಡಿನಲ್ಲಿ. ದ್ವೀಪದ ಕನ್ನಡ ಶಾಲೆಗಳಲ್ಲಿ ಮಕ್ಕಳೇ ಇಲ್ಲ.

ನವಿಮುಂಬಯಿ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಮಗಳ ಕಾರಣಕ್ಕೆ ನಾಲ್ಕು ಮಾತು. ಮುಂಬಯಿಯ ಭಾರ ಇಳಿಸಲೆಂದೇ ಆ ಊರು ಹುಟ್ಟಿದ್ದು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು 1960ರ ದಶಕದಲ್ಲಿ ಕೊಟ್ಟ ಯೋಚನೆ. 1970ರಲ್ಲಿ ಆ ಊರು ಕಟ್ಟಲು ಸಿಡ್ಕೋ ಎಂಬ ಸರ್ಕಾರಿ ಸಂಸ್ಥೆ ಬಂತು. ಸರ್ಕಾರಿ ಕಚೇರಿಗಳೂ ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅದೇ ಸರ್ಕಾರ ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿ ಕಟ್ಟಡ ಎಬ್ಬಿಸಿತು, ಆಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣವನ್ನೂ ಕಟ್ಟಿತು. ಒಂದು ಕೈಯಲ್ಲಿ ಜನರನ್ನು ಹೊರಗೆ ಕಳಿಸಿ, ಇನ್ನೊಂದು ಕೈಯಲ್ಲಿ ಕೆಲಸವನ್ನು ಒಳಗೆ ಎಳೆದುಕೊಂಡ ಹಾಗಾಯಿತು. ವಾಶಿಗೆ ರೈಲು ಬಂದದ್ದು 1992ರಲ್ಲಿ. ಅದರ ಖರ್ಚಿನಲ್ಲಿ ಶೇಕಡಾ 67 ಸಿಡ್ಕೋದ್ದು, ರೈಲ್ವೆಯದ್ದು ಬರೀ 33. ಆ ದುಡ್ಡು ವಾಪಸ್ ಬರಲೆಂದು ಅಲ್ಲಿನ ಟಿಕೆಟ್ ಮೇಲೆ ಸರ್ಚಾರ್ಜ್ ಹಾಕಿದರು. ಆ ಊರಿಗೆ ಜಮೀನು ಕೊಟ್ಟ ಆಗ್ರಿ ರೈತರ, ಕೋಳಿ ಎಂಬ ಮೀನುಗಾರ ಜನರ ಕಥೆ ಇನ್ನೊಂದು. 1984ರಲ್ಲಿ ದಿ. ಬಾ. ಪಾಟೀಲರ ಮುಂದಾಳತ್ವದ ಹೋರಾಟದಲ್ಲಿ ಗುಂಡು ಹಾರಿ ಐವರು ಸತ್ತರು. ಹೊಸ ವಿಮಾನ ನಿಲ್ದಾಣಕ್ಕೆ ಅವರ ಹೆಸರು ಇಡಬೇಕು ಎಂಬ ಒತ್ತಾಯದ ಹಿಂದೆ ಇರುವುದು ಆ ನೆನಪು.

ಆದರೂ ನವಿಮುಂಬಯಿ ಒಂದು ಕೆಲಸ ಮಾಡಿ ತೋರಿಸಿತು. ಅದು ಸ್ವಂತಕ್ಕೆ ಮೋರ್ಬೆ ಅಣೆಕಟ್ಟು ಕೊಂಡುಕೊಂಡಿತು. ಮಸೀದಿ ಬಂದರ್, ಭಾಯಖಳದ ಸಗಟು ಪೇಟೆಗಳು ಒಂದೊಂದಾಗಿ ವಾಶಿಯ ಎಪಿಎಂಸಿಗೆ ಬಂದವು. 1996ರಲ್ಲಿ ತರಕಾರಿ, ಹಣ್ಣೂ ಬಂದವು. ಬೆಳಗಾವಿ ಕಡೆಯ ತರಕಾರಿ ಲಾರಿ ಈಗ ನಿಲ್ಲುವುದು ವಾಶಿಯಲ್ಲಿ. ಮಾಟುಂಗದ ಹೋಟೆಲಿನ ಸಾಂಬಾರಿಗೆ ಬೀಳುವ ನುಗ್ಗೆಕಾಯಿ ವಾಶಿ ನೋಡದೆ ಭಾವನ ತಟ್ಟೆಗೆ ಬರುವುದು ಕಷ್ಟ. 2004ರಲ್ಲಿ ಥಾಣೆ-ವಾಶಿ ರೈಲು ಶುರುವಾಯಿತು. ನಿಮ್ಮ ಮಗಳು ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುತ್ತಾಳೆ ಅಲ್ವಾ? ಅವಳ ದಿನದಲ್ಲಿ ಮುಂಬಯಿ ಎಲ್ಲೂ ಬರುವುದೇ ಇಲ್ಲ. ಅಪ್ಪನ ತಲೆಮಾರಿಗೂ ಮಗಳ ತಲೆಮಾರಿಗೂ ಇರುವ ವ್ಯತ್ಯಾಸ ಇದು. ಭಾವನಿಗೂ ನಿಮ್ಮವರಿಗೂ ಇನ್ನೂ ಗೊತ್ತಾಗಿಲ್ಲ.

ಎಲ್ಲವನ್ನೂ ಸೇರಿಸಿಬಿಟ್ಟರೆ? ಬೇಡ ಎನ್ನುವುದು ನನ್ನ ಅಭಿಪ್ರಾಯ. ಮುಂಬಯಿ ಸೇರಿ ಸುತ್ತಮುತ್ತ ಈಗ ಒಂಬತ್ತು ಮಹಾನಗರ ಪಾಲಿಕೆಗಳಿವೆ. ಒಂದೇ ಮಾಡಿದರೆ ಬೋರಿಬಂದರಿನ ಎದುರಿನ ಮುಂಬಯಿ ಪಾಲಿಕೆಯ ಆ ದೊಡ್ಡ ಕಟ್ಟಡಕ್ಕೆ ಡೊಂಬಿವಲಿಯ ಗಟಾರದ ಅರ್ಜಿ ಹಿಡಿದುಕೊಂಡು ಹೋಗಬೇಕು. 2011ರಲ್ಲಿ ಮಲಾಡ್‌ನ ಒಂದೇ ವಾರ್ಡ್ ಕಚೇರಿಯ ಕೆಳಗೆ ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಅದೇ ಒಂದು ಊರಿನಷ್ಟಾಯಿತು. ಸೇರಿಸುವುದರ ರುಚಿ ನಿಮ್ಮ ಪಕ್ಕದ 27 ಹಳ್ಳಿಗಳವರಿಗೆ ಗೊತ್ತು. 1983ರಲ್ಲಿ ಪಾಲಿಕೆಯೊಳಗೆ, 2002ರಲ್ಲಿ ಹೊರಗೆ, 2015ರಲ್ಲಿ ಮತ್ತೆ ಒಳಗೆ. ಒಳಗಿದ್ದಾಗ ಟ್ಯಾಕ್ಸ್ ಜಾಸ್ತಿ ಎಂದು ಸಿಟ್ಟು, ಹೊರಗಿದ್ದಾಗ ನೀರು ರಸ್ತೆ ಕೇಳುವವರಿಲ್ಲ, ಅನಧಿಕೃತ ಕಟ್ಟಡ ಅಣಬೆಯ ಹಾಗೆ.

ಸೇರಿಸಬೇಕಾದದ್ದು ಊರುಗಳನ್ನಲ್ಲ, ಮೂರು ಕೆಲಸಗಳನ್ನು: ನೀರು, ಕಸ, ಓಡಾಟ. ಜೊತೆಗೆ ಆಫೀಸುಗಳ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ನೌಕರರು ಮಲಗುವ ಊರಿಗೆ ಬರಬೇಕು. ಇಡೀ ಪ್ರದೇಶದ ಅಭಿವೃದ್ಧಿ ನೋಡಿಕೊಳ್ಳುವ ಪ್ರಾಧಿಕಾರ ಎಂಎಂಆರ್‌ಡಿಎ 1975ರಿಂದ ಇದೆ ನಿಜ. ಅದು ಬಾಂದ್ರಾ-ಕುರ್ಲಾದ ಜಾಗ ಮಾರಿದ ದುಡ್ಡಿನಲ್ಲಿ ಥಾಣೆ ಕಡೆಗೂ ಫ್ಲೈಓವರ್, ಮೆಟ್ರೊ ಕಟ್ಟುತ್ತದೆ. ಆದರೆ ಅದಕ್ಕೆ ನಾವು ಓಟು ಹಾಕುವುದಿಲ್ಲ, ಶಹಾಪುರದವರೂ ಹಾಕುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಇಂಥ ದೊಡ್ಡ ಊರುಗಳಿಗೆ ಒಂದು ಮಹಾನಗರ ಯೋಜನಾ ಸಮಿತಿ ಇರಬೇಕು, ಅದರಲ್ಲಿ ಮೂರನೇ ಎರಡು ಪಾಲು ಸ್ಥಳೀಯ ಚುನಾಯಿತರಿರಬೇಕು ಎನ್ನುತ್ತದೆ. ನನ್ನ ಕೆಲಸದ ದಿನಗಳಲ್ಲಿ ಅದರ ಹೆಸರು ಫೈಲಿನಲ್ಲಿ ಓದಿದ್ದೇ ಹೆಚ್ಚು. ಅದು ನಿಜವಾಗಿ ಕೂತು ನೀರು ಹಂಚಿದರೆ ಆ ಮೂವರು ಹೆಂಗಸರ ಪರವಾಗಿ ಮಾತಾಡಲು ಒಬ್ಬರಾದರೂ ಇರುತ್ತಾರೆ.

ಕೊನೆಗೆ ಮುಲುಂಡ್. ಫೋರ್ಟ್‌ಗೆ ಡೊಂಬಿವಲಿಯಿಂದ 48 ಕಿಲೋಮೀಟರ್, ಮುಲುಂಡಿನಿಂದ 31ರ ಹತ್ತಿರ. ನಿಮ್ಮವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಬಹುದು. ಮಗಳಿಗೂ ಅಡ್ಡಿಯಿಲ್ಲ, ಮುಲುಂಡ್-ಐರೋಲಿ ಸೇತುವೆ ಇದೆ. ಆದರೆ ಡೊಂಬಿವಲಿಯ ಎರಡು ಬೆಡ್‌ರೂಮ್ ಮಾರಿದ ದುಡ್ಡಿಗೆ ಅಲ್ಲಿ ಒಂದು ಬೆಡ್‌ರೂಮ್ ಸಿಗುವುದೂ ಕಷ್ಟ. ನಿಮ್ಮವರ ನಿವೃತ್ತಿಗೆ ಇನ್ನು ನಾಲ್ಕೈದು ವರ್ಷ ಮಾತ್ರ ಉಳಿದಿದ್ದರೆ ನಾನು ಹೋಗಿ ಅನ್ನುವುದಿಲ್ಲ. ಹತ್ತು ವರ್ಷ ಇದ್ದರೆ ಮೊದಲು ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ.

ಕೊಳ್ಳುವುದೇ ಆದರೆ ಗಡಿ ಸರಿಯಾಗಿ ನೋಡಿಕೊಳ್ಳಿ. ಮುಲುಂಡ್ ಪೂರ್ವದ ಹರಿ ಓಂ ನಗರ ಮುಂಬಯಿ ಪಾಲಿಕೆಯೊಳಗೇ ಇದೆ. ಆದರೆ ಟೋಲ್ ನಾಕಾ ಅದರ ಈಚೆಗೆ ಬಂದದ್ದರಿಂದ ಅಲ್ಲಿಯವರು ವರ್ಷಗಟ್ಟಲೆ ತಮ್ಮದೇ ಊರಿಗೆ ಬರಲು ಟೋಲ್ ಕಟ್ಟಿದರು. 2024ರ ಅಕ್ಟೋಬರ್‌ನಲ್ಲಿ ಸಣ್ಣ ಗಾಡಿಗಳಿಗೆ ಐದೂ ನಾಕಾಗಳಲ್ಲಿ ಟೋಲ್ ಮನ್ನಾ ಆದ ಮೇಲೆ ಆ ತಲೆನೋವು ಹೋಯಿತು. ಇನ್ನೊಂದು ತಲೆನೋವು ಉಳಿದಿದೆ. ನಾಕಾದ ಆಚೆಗಿನ ಕಟ್ಟಡದ ಬೋರ್ಡಿನ ಮೇಲೂ ಬಿಲ್ಡರ್‌ಗಳು ‘ಮುಲುಂಡ್’ ಎಂದು ದೊಡ್ಡದಾಗಿ ಬರೆಸುತ್ತಾರೆ. ಟೋಕನ್ ಕೊಡುವ ಮೊದಲು ಸೊಸೈಟಿಯ ಹಳೇ ನೀರಿನ ಬಿಲ್ ತೋರಿಸಿ ಅಂತ ಕೇಳಿ. ಬಿಲ್ಲಿನ ತಲೆಯ ಮೇಲೆ ಯಾವ ಪಾಲಿಕೆಯ ಹೆಸರಿದೆಯೋ, ನೀವು ಕೊಳ್ಳುತ್ತಿರುವುದು ಆ ಊರನ್ನು.